ನಲವತ್ತನೆಯ ದಿನಕ್ಕೆ ಕಾಯದಿರಿ

ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಜ್ಞಾನಸ್ನಾನದ ಔತಣವನ್ನು ನಾನಿನ್ನೂ ಮರೆತಿಲ್ಲ. ಮಗು 31 ವಾರಗಳಿಗೇ ಹುಟ್ಟಿತ್ತು. ಹುಟ್ಟಿದಾಗ ಅದರ ತೂಕ 1400 ಗ್ರಾಂ. ಮೂರು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಕಾವುಪೆಟ್ಟಿಗೆಯಲ್ಲಿದ್ದು, ಉಸಿರಾಟದ ಕಂಟಕವನ್ನು ದಾಟಿ ತಾಯಿಯ ಮಡಿಲು ಸೇರಿದ ಆ ಕಂದನನ್ನು ಇಡೀ ಕೇರಿಯೇ ಪವಾಡವೆಂದು ಕೊಂಡಾಡಿತ್ತು. ಉಡುಗೊರೆಗಳ ಮೇಜಿನ ಮೇಲೆ ಬೆಳ್ಳಿಯ ಜಪಮಾಲೆ, ಉಣ್ಣೆಯ ಟೊಪ್ಪಿಗೆ, ಅವುಗಳ ನಡುವೆ ಹಾಲುಪುಡಿಯ ಐದಾರು ಡಬ್ಬಗಳು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಚೀಟಿಯ ಕೊನೆಯ ಸಾಲಿನಲ್ಲಿ ಮೂರು ಇಂಗ್ಲಿಷ್ ಅಕ್ಷರಗಳೂ ಒಂದು ದಿನಾಂಕವೂ ಇದ್ದವು. ಆ ಅಕ್ಷರಗಳ ಅರ್ಥವನ್ನು ಯಾರೂ ವಿವರಿಸಿರಲಿಲ್ಲ, ಮನೆಯವರೂ ಕೇಳಿರಲಿಲ್ಲ. ದಿನಾಂಕವು ಬಾಣಂತನದ ನಲವತ್ತು ದಿನಗಳ ಒಳಗೇ ಬಿದ್ದಿತ್ತಾದ್ದರಿಂದ, ಹಸಿ ಬಾಣಂತಿಯನ್ನೂ ಹಸುಗೂಸನ್ನೂ ಗಾಳಿಗೆ ಹೊರಡಿಸುವುದುಂಟೇ, ನಲವತ್ತು ಕಳೆಯಲಿ ಎಂದು ಹಿರಿಯರು ತೀರ್ಮಾನಿಸಿದರು. ನಲವತ್ತು ಕಳೆಯಿತು. ಅಷ್ಟರಲ್ಲಿ ಚೀಟಿ ಎಲ್ಲಿದೆಯೆಂಬುದು ಯಾರಿಗೂ ನೆನಪಿರಲಿಲ್ಲ.

ಐದನೆಯ ತಿಂಗಳಲ್ಲಿ, ಪೀಠದ ಮುಂದೆ ಉರಿಯುತ್ತಿದ್ದ ಮೇಣದಬತ್ತಿಯ ಕಡೆಗೆ ಮಗು ಕಣ್ಣು ಹೊರಳಿಸುತ್ತಿಲ್ಲವೆಂಬುದನ್ನು ಮೊದಲು ಗಮನಿಸಿದವಳು ತಾಯಿ. ದೊಡ್ಡ ಕಣ್ಣಾಸ್ಪತ್ರೆಯ ವೈದ್ಯರು ಎರಡೂ ಕಣ್ಣುಗಳ ಅಕ್ಷಿಪಟಲ ಪೂರ್ಣವಾಗಿ ಕಳಚಿದೆಯೆಂದೂ, ಇನ್ನು ಮಾಡಬಹುದಾದದ್ದು ಬಹಳ ಕಡಿಮೆಯೆಂದೂ ತಿಳಿಸಿದರು. ಅಂದು ಸಂಜೆ ಆ ಮನೆಯಲ್ಲಿ ಜಪಮಾಲೆ ಪ್ರಾರ್ಥನೆಗೆ ಸೇರಿದ್ದ ನಮ್ಮಲ್ಲೊಬ್ಬರು, ಎಲ್ಲವೂ ದೇವರ ಚಿತ್ತವಮ್ಮ ಎಂದರು. ಉಳಿದವರು ತಲೆದೂಗಿದೆವು. ಹೌದು, ನಾನೂ ತಲೆದೂಗಿದೆ. ಆ ತಲೆದೂಗಿದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆಂದು ಭಾವಿಸಿದರೂ ನನ್ನ ಅಭ್ಯಂತರವಿಲ್ಲ.

ಏಕೆಂದರೆ, ಓದುಗರೇ, ಆ ಮಗು ಹುಟ್ಟುಕುರುಡಲ್ಲ. ಈ ಒಂದು ವಾಕ್ಯವನ್ನು ತಾವು ದಯವಿಟ್ಟು ಎರಡು ಸಲ ಓದಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಕಾಡುವ ಈ ನೇತ್ರರೋಗ, ವೈದ್ಯರು ಆರ್.ಓ.ಪಿ. ಎಂದು ಕರೆಯುವ ರೆಟಿನೋಪಥಿ ಆಫ್ ಪ್ರಿಮೆಚ್ಯೂರಿಟಿ, ಹುಟ್ಟಿದ ದಿನ ಇರುವುದೇ ಇಲ್ಲ. ಅದು ಹುಟ್ಟಿನ ನಂತರದ ವಾರಗಳಲ್ಲಿ, ನಮ್ಮೆಲ್ಲರ ಕಣ್ಣೆದುರಿಗೇ, ನಾವು ಮಗುವಿನ ಮೂಗು ಯಾರದು, ಬಣ್ಣ ಯಾರದು ಎಂದು ಹರಟುತ್ತಿರುವಾಗಲೇ, ಸದ್ದಿಲ್ಲದೆ ಬೆಳೆಯುತ್ತದೆ. ಹೊರಗಿನಿಂದ ನೋಡುವವರಿಗೆ ಕಣ್ಣು ಕಪ್ಪಾಗಿ, ಹೊಳೆಹೊಳೆಯುತ್ತ, ಸುಂದರವಾಗಿಯೇ ಇರುತ್ತದೆ. ಪಾಪೆಯಲ್ಲಿ ಬಿಳುಪು ಕಾಣಿಸಿಕೊಳ್ಳುವ ಹೊತ್ತಿಗೆ ಬಹುತೇಕ ಎಲ್ಲವೂ ಮುಗಿದಿರುತ್ತದೆ.

ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ಹೆತ್ತವರದೋ ಎಂದು ಕೇಳುತ್ತಾರೆ. ಪ್ರಭು ಯೇಸು ಆ ಎರಡೂ ಉತ್ತರಗಳನ್ನು ತಳ್ಳಿಹಾಕುತ್ತಾರೆ. ಅಷ್ಟಕ್ಕೇ ನಿಲ್ಲದೆ, ಕೂಡಲೇ ಬಗ್ಗಿ ಮಣ್ಣನ್ನು ಕಲಸಿ ಅವನ ಕಣ್ಣಿಗೆ ಬಳಿದು, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೊಳ್ಳುವಂತೆ ಕಳುಹಿಸುತ್ತಾರೆ. ಅಂದರೆ, ನಿಜವಾಗಿಯೂ ಹುಟ್ಟುಕುರುಡನಾಗಿದ್ದವನ ವಿಷಯದಲ್ಲಿಯೇ ಪ್ರಭುಗಳು ಕೈಕಟ್ಟಿ ನಿಂತು ದೇವರ ಚಿತ್ತವನ್ನು ಬೋಧಿಸಲಿಲ್ಲ. ಅವನನ್ನು ಒಂದು ನಿರ್ದಿಷ್ಟ ಜಾಗಕ್ಕೆ, ಒಂದು ನಿರ್ದಿಷ್ಟ ಕೆಲಸಕ್ಕೆ ಕಳುಹಿಸಿದರು. ಹೀಗಿರುವಾಗ, ನೋಡಬಲ್ಲ ಕಣ್ಣುಗಳೊಂದಿಗೆ ಹುಟ್ಟಿ ನಮ್ಮ ಮಧ್ಯೆ ಕುರುಡಾದ ಮಗುವಿನ ಮುಂದೆ ನಿಂತು ದೇವರ ಹೆಸರನ್ನು ಎಳೆದುತರುವುದು ಭಕ್ತಿಯೋ, ಸುಳ್ಳುಸಾಕ್ಷಿಯೋ?

ಈ ರೋಗದ ಚರಿತ್ರೆಯನ್ನು ಸ್ವಲ್ಪ ನೋಡಿದರೂ ಸಾಕು, ಅದರಲ್ಲಿ ಮನುಷ್ಯರ ಕೈವಾಡ ಎಷ್ಟೆಂಬುದು ತಿಳಿಯುತ್ತದೆ. 1942ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಟೆರಿ ಇದನ್ನು ಮೊದಲ ಬಾರಿಗೆ ವರ್ಣಿಸಿದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 10,000 ಮಕ್ಕಳು ಇದರಿಂದ ದೃಷ್ಟಿ ಕಳೆದುಕೊಂಡರು. ವಿಚಿತ್ರವೆಂದರೆ, ಬಡ ಆಸ್ಪತ್ರೆಗಳಿಗಿಂತ ಅತ್ಯುತ್ತಮ ಕಾವುಪೆಟ್ಟಿಗೆಗಳಿದ್ದ ಸಿರಿವಂತ ಆಸ್ಪತ್ರೆಗಳಲ್ಲೇ ಕುರುಡುತನ ಹೆಚ್ಚಾಗಿತ್ತು. 1950ರಲ್ಲಿ ಅವಧಿಗೆ ಮುನ್ನ ಜನಿಸಿದ ಖ್ಯಾತ ಗಾಯಕ ಸ್ಟೀವಿ ವಂಡರ್ ಕಣ್ಣು ಕಳೆದುಕೊಂಡದ್ದೂ ಹೀಗೆಯೇ. 1951ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್, ಕಾವುಪೆಟ್ಟಿಗೆಗೆ ಧಾರಾಳವಾಗಿ ಹರಿಸುತ್ತಿದ್ದ ಆಮ್ಲಜನಕದ ಮೇಲೆ ಬೆರಳು ತೋರಿಸಿದರು. ಅನಂತರ ಅಮೆರಿಕದ 18 ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗ ಅದನ್ನು ದೃಢಪಡಿಸಿತು. ಆಮ್ಲಜನಕವನ್ನು ತಗ್ಗಿಸಿದ ಕೂಡಲೇ ಕುರುಡುತನವೂ ತಗ್ಗಿತು. ಕೊಳಾಯಿಯ ತಿರುಪು ತಿರುಗಿಸಿದೊಡನೆ ಬದಲಾಗುವಷ್ಟು ದುರ್ಬಲವೇ ದೇವರ ಚಿತ್ತ? (ಅತಿಯಾಗಿ ತಗ್ಗಿಸಿದಾಗ ಉಸಿರು ನಿಂತು ಸತ್ತ ಶಿಶುಗಳೂ ಇದ್ದರು. ಆದ್ದರಿಂದಲೇ ಇಂದಿನ ಆಸ್ಪತ್ರೆಗಳು ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತವೆ. ಆಮ್ಲಜನಕ ಕೊಟ್ಟರೆಂದು ವೈದ್ಯರೊಡನೆ ಜಗಳಕ್ಕಿಳಿಯಬೇಡಿ. ಅದಿಲ್ಲದೆ ಮಗುವೇ ಉಳಿಯುತ್ತಿರಲಿಲ್ಲ.)

ಇನ್ನು ಆಹಾರದ ವಿಚಾರ. ನಮ್ಮ ಮನೆಗಳ ತಪ್ಪುಗಳು ಹೆಚ್ಚಾಗಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಗರ್ಭದಲ್ಲಿರುವ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಸುಮಾರು 16ನೆಯ ವಾರದಲ್ಲಿ ಕಣ್ಣಿನ ಹಿಂಭಾಗದ ನಡುವಿನಿಂದ ಚಿಗುರಲಾರಂಭಿಸಿ, ಬಳ್ಳಿಯಂತೆ ಅಂಚಿನ ಕಡೆಗೆ ಹಬ್ಬುತ್ತ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಮಗು ಮೊದಲೇ ಹುಟ್ಟಿದರೆ ಬಳ್ಳಿ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಹೊರಗಿನ ಹೆಚ್ಚಿನ ಆಮ್ಲಜನಕ ಒಂದು ಕಾರಣ. ಮತ್ತೊಂದು ಕಾರಣವನ್ನು ನಮ್ಮಲ್ಲಿ ಬಹುಮಂದಿ ಕೇಳಿಯೇ ಇಲ್ಲ: ತಾಯಿಯ ಗರ್ಭದಲ್ಲಿ ಮಗುವಿಗೆ ದೊರೆಯುತ್ತಿದ್ದ ಪೋಷಣೆಯೂ, ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳೂ ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲಿ ನಿಂತುಹೋಗುತ್ತವೆ. ಐ.ಜಿ.ಎಫ್.-1 ಎಂಬ ಅಂತಹ ಒಂದು ಅಂಶ ರಕ್ತದಲ್ಲಿ ಕುಸಿದರೆ ನಾಳಗಳು ಬೆಳೆಯವು. ಮಗು ಸರಿಯಾಗಿ ಉಣ್ಣದೆ, ತೂಕ ಹೆಚ್ಚದೆ ಇದ್ದರೆ ಅದು ಕುಸಿದೇ ಇರುತ್ತದೆ. ಕೆಲವು ವಾರಗಳ ನಂತರ ರಕ್ತವಿಲ್ಲದೆ ಹಸಿದ ಅಕ್ಷಿಪಟಲ ಅಳತೆ ಮೀರಿ ಕೂಗಿಕೊಳ್ಳುತ್ತದೆ. ಆಗ ಅಡ್ಡಾದಿಡ್ಡಿಯಾಗಿ ಹುಟ್ಟುವ ದುರ್ಬಲ ನಾಳಗಳು ಸೋರಿ, ಕಲೆಗಟ್ಟಿ, ಪಟಲವನ್ನೇ ಕಿತ್ತೆಳೆಯುತ್ತವೆ. ಸ್ವೀಡನ್ ದೇಶದ ಗೊಥೆನ್‌ಬರ್ಗಿನ ಸಂಶೋಧಕರು ಅವಧಿಪೂರ್ವ ಶಿಶುವಿನ ತೂಕ ವಾರವಾರವೂ ಹೇಗೆ ಏರುತ್ತಿದೆ ಎಂಬುದನ್ನು ನೋಡಿಯೇ ಯಾವ ಮಗುವಿನ ಕಣ್ಣಿಗೆ ಅಪಾಯವಿದೆಯೆಂದು ಮುಂಚಿತವಾಗಿ ಎಚ್ಚರಿಸುವ ವಿಧಾನವೊಂದನ್ನು ರೂಪಿಸಿದ್ದಾರೆ. ತಕ್ಕಡಿಗೂ ಕಣ್ಣಿಗೂ ಇಷ್ಟು ಹತ್ತಿರದ ನಂಟು!

ಅದೇ ಸ್ವೀಡನ್ನಿನ ಮೂರು ಆಸ್ಪತ್ರೆಗಳಲ್ಲಿ 28 ವಾರಕ್ಕೂ ಮುನ್ನ ಜನಿಸಿದ ಇನ್ನೂರಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅರಾಕಿಡೋನಿಕ್ ಆಮ್ಲ ಮತ್ತು ಡಿ.ಎಚ್.ಎ. ಎಂಬ ಎರಡು ಕೊಬ್ಬಿನಾಮ್ಲಗಳನ್ನು ಜೊತೆಯಾಗಿ ಪಡೆದ ಶಿಶುಗಳಲ್ಲಿ ತೀವ್ರ ರೂಪದ ಆರ್.ಓ.ಪಿ. 100ಕ್ಕೆ ಸುಮಾರು 16, ಪಡೆಯದವರಲ್ಲಿ 33. ಇವೆರಡೂ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಮಗುವಿಗೆ ಹರಿದುಬರುವ ವಸ್ತುಗಳು. ಮೊದಲೇ ಹುಟ್ಟಿದ ಮಗು ಆ ಪಾಲನ್ನು ಕಳೆದುಕೊಂಡಿರುತ್ತದೆ. ಇದನ್ನು ಓದಿ ಯಾರೂ ಔಷಧದಂಗಡಿಗೆ ಓಡಬಾರದು. ಡಿ.ಎಚ್.ಎ. ಒಂದನ್ನೇ ಹೆಚ್ಚಾಗಿ ಕೊಟ್ಟ ಆಸ್ಟ್ರೇಲಿಯದ ದೊಡ್ಡ ಅಧ್ಯಯನವೊಂದರಲ್ಲಿ (2017) ಶ್ವಾಸಕೋಶಕ್ಕೆ ಒಳಿತಾಗುವ ಬದಲು ಕೆಡುಕಿನ ಸೂಚನೆಯೇ ಕಂಡಿತು. ಅಳತೆ, ಜೋಡಿ, ಸಮಯ ಇವು ಶಿಶುತಜ್ಞರಿಗೆ ಸೇರಿದ ಮಾತು. ನಾನು ಹೇಳಹೊರಟದ್ದು ಇಷ್ಟೇ: ಹುಟ್ಟಿದ ಮೊದಲ ವಾರಗಳಲ್ಲಿ ಮಗು ಏನು ಕುಡಿಯುತ್ತದೆ ಎಂಬುದು ಅದರ ಹೊಟ್ಟೆಯ ಪ್ರಶ್ನೆ ಮಾತ್ರವಲ್ಲ, ಕಣ್ಣಿನ ಪ್ರಶ್ನೆಯೂ ಹೌದು.

ಹಾಗಾದರೆ ಆ ಔತಣದ ಮೇಜಿನ ಮೇಲಿದ್ದ ಹಾಲುಪುಡಿಯ ಡಬ್ಬಗಳನ್ನು ಏನೆನ್ನೋಣ? ಶಿಶುವಿನ ಹಾಲುಪುಡಿಯ ಜಾಹೀರಾತು ಮಾಡುವುದನ್ನೂ ಉಚಿತ ಮಾದರಿ ಹಂಚುವುದನ್ನೂ 1992ರ ಕಾಯಿದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಕಂಪನಿಗಳು ಮಾಡಬಾರದೆಂದು ಕಾನೂನು ತಡೆದ ಕೆಲಸವನ್ನು ನಾವು ಬಣ್ಣದ ಕಾಗದ ಸುತ್ತಿ, ರಿಬ್ಬನ್ನು ಕಟ್ಟಿ, ಆಶೀರ್ವಾದ ಸಮೇತ ಮಾಡುತ್ತಿದ್ದೇವೆ. ಎದೆಹಾಲು ಕುಡಿದ ಅವಧಿಪೂರ್ವ ಶಿಶುಗಳಲ್ಲಿ ಕರುಳು ಕೊಳೆಯುವ ಭಯಂಕರ ರೋಗ ಕಡಿಮೆ, ಸೋಂಕು ಕಡಿಮೆ, ತೀವ್ರವಾದ ಆರ್.ಓ.ಪಿ.ಯೂ ಕಡಿಮೆಯೆಂದು ಹಲವು ಅಧ್ಯಯನಗಳು ತೋರಿಸಿವೆ. ಸೋಂಕು ತಗಲಿದ ಶಿಶುವಿನ ಕಣ್ಣಿಗೆ ಅಪಾಯ ಹೆಚ್ಚೆಂಬುದನ್ನು ನೆನಪಿಡಿ. ಆಗ ಅಜ್ಜಿಯರು ಪ್ರೀತಿಯಿಂದ ನಾಲಗೆಗೆ ಸವರುವ ಜೇನುತುಪ್ಪದ, ಬಾಟಲಿಯ ಸಕ್ಕರೆನೀರಿನ, ಹಳದಿಯಾಗಿದೆಯೆಂದು ಚೆಲ್ಲಿಬಿಡುವ ಮೊದಲ ಹಾಲಿನ ಬೆಲೆ ಏನೆಂಬುದು ತಿಳಿದೀತು. ಬಹಳ ಚಿಕ್ಕ ಶಿಶುಗಳಿಗೆ ಎದೆಹಾಲಿನೊಂದಿಗೆ ಪೋಷಕಾಂಶದ ಪುಡಿಯನ್ನು ಬೆರೆಸಿ ಕೊಡುವಂತೆ ವೈದ್ಯರೇ ಸೂಚಿಸುವುದುಂಟು. ಅದು ಬೇರೆ ಮಾತು, ಅದನ್ನು ತಪ್ಪದೆ ಪಾಲಿಸಬೇಕು.

ಕೆಲವು ತಾಯಂದಿರಿಗೆ ಹಾಲು ಬರುವುದಿಲ್ಲ, ನೀವು ಅವರನ್ನು ದೂರುತ್ತೀರಾ ಎಂದು ತಾವು ಕೇಳಬಹುದು. ಇಲ್ಲ. ನನ್ನ ದೂರು ತಾಯಿಯ ಮೇಲಲ್ಲ. ಅವಳ ಸುತ್ತ ಕುಳಿತ ನಮ್ಮ ಮೇಲೆ. ಮಗು ಕಾವುಪೆಟ್ಟಿಗೆಯಲ್ಲಿ, ತಾಯಿ ಮನೆಯ ಕತ್ತಲೆಕೋಣೆಯಲ್ಲಿ ಇದ್ದರೆ ಹಾಲು ಎಲ್ಲಿಂದ ಬರಬೇಕು? ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಬಂದಾಗ, ಆರಂಭವಾಯಿತು. ಹುಟ್ಟಿದ ಕೂಡಲೇ ಅದನ್ನು ಆರಂಭಿಸಿದರೆ ಸಣ್ಣ ಶಿಶುಗಳ ಸಾವು ಕಾಲುಭಾಗದಷ್ಟು ಇಳಿಯುತ್ತದೆಂದು ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ತೋರಿಸಿತು. ಹಾಗೆ ಎದೆಗಪ್ಪಿಕೊಂಡ ತಾಯಿಗೆ ಹಾಲೂ ಹೆಚ್ಚು ಬರುತ್ತದೆ. ಆದರೂ ಬಾರದಿದ್ದಾಗ? ಮತ್ತೊಬ್ಬ ತಾಯಿಯ ಹಾಲು ಇದೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದರು. ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂತಹ ಬ್ಯಾಂಕು ತೆರೆಯಿತು. ರಕ್ತದಾನ ಶಿಬಿರವನ್ನು ಪ್ರತಿವರ್ಷ ಧರ್ಮಕೇಂದ್ರದ ಹಬ್ಬದಂದು ನಡೆಸುವ ನಾವು ಹಾಲಿನ ದಾನದ ಬಗ್ಗೆ ಒಂದು ಪ್ರಕಟಣೆಯನ್ನಾದರೂ ಬಲಿಪೂಜೆಯ ನಂತರ ಓದಿದ್ದೇವೆಯೇ?

ಬಾಣಂತಿಯ ತಟ್ಟೆಯನ್ನೂ ನೋಡೋಣ. ಪಥ್ಯವೆಂಬ ಹೆಸರಿನಲ್ಲಿ ಸೊಪ್ಪು ಬೇಡ, ಹಣ್ಣು ಶೀತ, ನೀರು ಕಡಿಮೆ, ಮೀನು ನಂಜು! ಎದೆಹಾಲಿನಲ್ಲಿರುವ ಡಿ.ಎಚ್.ಎ.ಯ ಪ್ರಮಾಣ ತಾಯಿ ತಿನ್ನುವುದನ್ನು ಅವಲಂಬಿಸಿದೆ. ಅದು ಧಾರಾಳವಾಗಿರುವುದು ಕರಾವಳಿಯ ಬಡವರ ಮೀನಾದ ಭೂತಾಯಿಯಲ್ಲಿ, ಬಂಗುಡೆಯಲ್ಲಿ. ಮಂಗಳೂರು ಉಡುಪಿಗಳ ಮಾರುಕಟ್ಟೆಯಿಂದ ಬೆಂಗಳೂರಿನ ಕೇರಿಗಳವರೆಗೆ ಬರುವ ಈ ಮೀನನ್ನು ಮನೆಯವರೆಲ್ಲ ಚಪ್ಪರಿಸಿ, ಬಾಣಂತಿಗೆ ಮಾತ್ರ ಮೆಣಸಿನ ಸಾರು ಬಡಿಸುವ ವೈದ್ಯಶಾಸ್ತ್ರ ಯಾವುದೋ ನನಗೆ ತಿಳಿಯದು. ಭೂತಾಯಿ ತಿಂದರೆ ಮಗುವಿನ ಕಣ್ಣು ಉಳಿಯುತ್ತದೆಂದು ನಾನು ಹೇಳುತ್ತಿಲ್ಲ. ಹಾಲೂಡುವವಳನ್ನು ಹಸಿವಿನಲ್ಲಿಟ್ಟು ಹಾಲು ಸಾಲದೆಂದು ಡಬ್ಬ ತೆರೆಯಬೇಡಿ ಎನ್ನುತ್ತಿದ್ದೇನೆ.

ಇದೇ ಸಾಲಿನಲ್ಲಿ ಇನ್ನೊಂದು ಭ್ರಮೆ. ಕಣ್ಣೆಂದರೆ ಗಜ್ಜರಿ, ಪಪ್ಪಾಯಿ, ಎ ಜೀವಸತ್ವ ಎಂದು ಶಾಲೆಯಲ್ಲಿ ಕಲಿತದ್ದು ನಮ್ಮ ತಲೆಯಲ್ಲಿ ಭದ್ರವಾಗಿ ಕುಳಿತಿದೆ. ಆ ಜೀವಸತ್ವದ ಕೊರತೆಯಿಂದ ಬರುವ ಇರುಳುಗಣ್ಣು ಬೇರೆ, ಇದು ಬೇರೆ. ಅಲ್ಲಿ ಸೊರಗುವುದು ಪೋಷಣೆಯಿಲ್ಲದೆ ಬೆಳೆದ ಮಗುವಿನ ಕಣ್ಣು. ಇಲ್ಲಿ ದಾರಿತಪ್ಪುವುದು ತಿಂಗಳೂ ತುಂಬದ ಶಿಶುವಿನ ರಕ್ತನಾಳ. ಯಾವ ಸೊಪ್ಪಿನ ರಸವೂ, ಯಾವ ತೈಲವೂ, ಎಷ್ಟೇ ಒಳ್ಳೆಯ ಎದೆಹಾಲೂ ಕೂಡ, ಕಣ್ಣಿನ ತಪಾಸಣೆಗೆ ಬದಲಿಯಲ್ಲ. ಆಹಾರ ಅಪಾಯವನ್ನು ತಗ್ಗಿಸುತ್ತದೆ. ಅಪಾಯ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ತಪಾಸಣೆ ಮಾತ್ರ.

ತಪಾಸಣೆಯ ನಿಯಮ ಸರಳವಾಗಿದೆ. ನಮ್ಮ ದೇಶದಲ್ಲಿ 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಗುವ ಪ್ರತಿಯೊಂದು ಶಿಶುವಿನ ಕಣ್ಣನ್ನೂ ಹುಟ್ಟಿದ 30 ದಿನಗಳೊಳಗೆ ತಜ್ಞರು ನೋಡಬೇಕು. 28 ವಾರಕ್ಕೂ ಮುನ್ನ ಹುಟ್ಟಿದ ಅಥವಾ 1200 ಗ್ರಾಂಗಿಂತ ಕಡಿಮೆಯಿರುವ ಶಿಶುವನ್ನಾದರೆ ಎರಡು ಮೂರು ವಾರಗಳಲ್ಲೇ ನೋಡಬೇಕು. ಸಿರಿವಂತ ದೇಶಗಳಲ್ಲಿ ಬಹಳ ಚಿಕ್ಕ ಶಿಶುಗಳಿಗೆ ಮಾತ್ರ ಬರುವ ಈ ರೋಗ ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಿಶುಗಳನ್ನೂ ಬಿಡುವುದಿಲ್ಲ. ಮಗು ಚೆನ್ನಾಗಿಯೇ ಇದೆಯಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಹನಿಮದ್ದು ಹಾಕಿ ಪಾಪೆಯನ್ನು ಹಿಗ್ಗಿಸಿ ನೋಡಲು ಕೆಲವೇ ನಿಮಿಷಗಳು ಸಾಕು. ಮಗು ಅಳುತ್ತದೆ, ಅಳಲಿ. ಒಂದು ಸಲ ನೋಡಿದರೆ ಮುಗಿಯಲಿಲ್ಲ. ರಕ್ತನಾಳಗಳು ಅಂಚು ಮುಟ್ಟುವವರೆಗೆ ವೈದ್ಯರು ಹೇಳಿದ ದಿನವೆಲ್ಲ ಮತ್ತೆ ಹೋಗಬೇಕು. ಚಿಕಿತ್ಸೆ ಅಗತ್ಯವೆಂದಾದರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಚುಚ್ಚುಮದ್ದು ಆಗಬೇಕು. ಮುಂದಿನ ವಾರ ಬರುತ್ತೇವೆ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

ಮೂವತ್ತಕ್ಕೂ ನಲವತ್ತಕ್ಕೂ ನಡುವಿನ ಆ ಹತ್ತು ದಿನಗಳಲ್ಲಿ ನಮ್ಮ ಸಂಪ್ರದಾಯ ಅಡ್ಡಬಿದ್ದಿದೆ. ಮಾತೆ ಮರಿಯಮ್ಮನೂ ನಲವತ್ತನೆಯ ದಿನವೇ ದೇವಾಲಯಕ್ಕೆ ಹೋದರಲ್ಲ, ಫೆಬ್ರುವರಿ 2ರ ಹಬ್ಬ ಅದೇ ಅಲ್ಲವೇ ಎಂದು ನನ್ನನ್ನು ತಡೆದವರೂ ಉಂಟು. ಸ್ವಾಮಿ, ಅದು ದೇವಾಲಯಕ್ಕೆ ಹೋಗುವ ಲೆಕ್ಕ, ವೈದ್ಯರ ಬಳಿಗೆ ಹೋಗುವ ಲೆಕ್ಕವಲ್ಲ. ಅದೇ ತಾಯಿ ಹೆರೋದನ ಕತ್ತಿ ಬೀಸಿದ ರಾತ್ರಿ ಹಸುಗೂಸನ್ನು ಎತ್ತಿಕೊಂಡು ಈಜಿಪ್ಟಿನ ದಾರಿ ಹಿಡಿದರು; ಗಾಳಿ ತಾಗೀತೆಂದು ಬೆಳಗಿನವರೆಗೆ ಕಾಯಲಿಲ್ಲ.

ದೂರ, ಖರ್ಚು ಎಂಬ ನೆಪಗಳೂ ನಮ್ಮ ರಾಜ್ಯದಲ್ಲಿ ಮೊದಲಿನಷ್ಟು ನಿಲ್ಲವು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಸಂಗಡಿಗರು ಕಿಡ್‌ರಾಪ್ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ಹೊತ್ತು ಜಿಲ್ಲೆ ಜಿಲ್ಲೆಗಳ ಶಿಶುಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅಂತರ್ಜಾಲದ ಮೂಲಕ ಅದನ್ನು ನೋಡಿ ತೀರ್ಪು ಹೇಳುತ್ತಾರೆ. ವೈದ್ಯರ ಬಳಿಗೆ ಮಗು ಹೋಗುವ ಬದಲು ಮಗುವಿನ ಬಳಿಗೇ ಕಣ್ಣು ಬಂತು. 2013ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿಯೂ ಈ ರೋಗ ಸೇರಿದೆ. ಕೇಳುವ ಬಾಯಿ ಬೇಕು, ಅಷ್ಟೆ.

ಆಸ್ಪತ್ರೆಗಳ ಹೊಣೆಯನ್ನು ನಾನು ಮರೆಮಾಚುವುದಿಲ್ಲ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ 29ನೆಯ ವಾರಕ್ಕೆ ಹುಟ್ಟಿ, ತಪಾಸಣೆಯಿಲ್ಲದೆ ಮನೆಗೆ ಕಳುಹಿಸಲ್ಪಟ್ಟು ದೃಷ್ಟಿ ಕಳೆದುಕೊಂಡ ಹೆಣ್ಣುಮಗುವಿಗೆ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟು 2015ರ ಜುಲೈ 1ರಂದು ತೀರ್ಪಿತ್ತಿತು. ಆಗ ಆ ಹುಡುಗಿಗೆ ಹದಿನೆಂಟು ತುಂಬಿತ್ತು. ನ್ಯಾಯಾಲಯ ದೇವರ ಚಿತ್ತವನ್ನು ಒಪ್ಪಲಿಲ್ಲ. ಯಾರು ಹೇಳಬೇಕಿತ್ತು, ಯಾವಾಗ ಹೇಳಬೇಕಿತ್ತು ಎಂದು ಕೇಳಿತು. ಧರ್ಮಸಭೆ ನಡೆಸುವ ಆಸ್ಪತ್ರೆಗಳೂ ಇದೇ ಪ್ರಶ್ನೆಗೆ ಉತ್ತರಿಸಬೇಕು. ಸಣ್ಣ ಶಿಶುಗಳನ್ನು ಉಳಿಸುವ ಯಂತ್ರಗಳಿಗೆ ಧರ್ಮಾಧ್ಯಕ್ಷರಿಂದ ಆಶೀರ್ವಾದ ಮಾಡಿಸುವಾಗ, ವಾರಕ್ಕೊಮ್ಮೆ ಕಣ್ಣಿನ ತಜ್ಞರು ಬರುವ ವ್ಯವಸ್ಥೆಯೂ ಆಗಿದೆಯೇ? ಬಿಡುಗಡೆಯ ಚೀಟಿಯಲ್ಲಿ ಕಣ್ಣಿನ ತಪಾಸಣೆ, ಇಂಥ ದಿನ, ತಪ್ಪಿದರೆ ದೃಷ್ಟಿ ಹೋಗಬಹುದು ಎಂದು ಕನ್ನಡದಲ್ಲಿ ಬರೆದು, ಅಜ್ಜಿಗೂ ಕೇಳುವಂತೆ ಓದಿಹೇಳುವ ಧರ್ಮಭಗಿನಿ ಒಬ್ಬರಿದ್ದಾರೆಯೇ?

2020ರಲ್ಲಿ ನಮ್ಮ ದೇಶದಲ್ಲಿ ಸುಮಾರು 30 ಲಕ್ಷ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದು ಅಂದಾಜು. ಅವುಗಳಲ್ಲಿ ಕೆಲವು ನಮ್ಮ ಕಿರುಸಮುದಾಯಗಳ ಮನೆಗಳಲ್ಲಿಯೂ ಇದ್ದವು, ಮುಂದೆಯೂ ಇರುತ್ತವೆ. ಕಳೆದ ತಿಂಗಳ ಪಾಲನಾ ಪರಿಷತ್ತಿನ ಸಭೆಯಲ್ಲಿ ನಾನು ಒಂದು ಸಣ್ಣ ಸೂಚನೆಯನ್ನು ಮಂಡಿಸಿದೆ. ಮಗು ಹುಟ್ಟಿತೆಂಬ ಸುದ್ದಿ ಬಂದೊಡನೆ ಕಿರುಸಮುದಾಯದ ಮುಖಂಡರು ಆ ಮನೆಯಲ್ಲಿ ಎರಡು ಪ್ರಶ್ನೆ ಕೇಳಬೇಕು: ಎಷ್ಟು ವಾರಕ್ಕೆ, ಎಷ್ಟು ತೂಕಕ್ಕೆ ಹುಟ್ಟಿತು? ಕಣ್ಣು ತೋರಿಸುವ ದಿನ ಯಾವುದು? ಅದೇ ಪ್ರಶ್ನೆಗಳು ಜ್ಞಾನಸ್ನಾನದ ಅರ್ಜಿಯಲ್ಲಿಯೂ ಇರಲಿ ಎಂದೆ. ಅರ್ಜಿಯ ನಮೂನೆ ಮೇಲಿನಿಂದ ಅಚ್ಚಾಗಿ ಬರುತ್ತದೆ, ಅದರಲ್ಲಿ ನಾವು ಕೈಯಾಡಿಸುವಂತಿಲ್ಲ ಎಂದರು ಒಬ್ಬ ಸದಸ್ಯರು. ಇದು ವೈದ್ಯರ ಕೆಲಸ, ದೇವಾಲಯದ್ದಲ್ಲ ಎಂದರು ಇನ್ನೊಬ್ಬರು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಗಳ ಕಟ್ಟನ್ನು ತರಿಸಿ, ಮೇಲಿನ ಹಾಳೆಯ ಅಂಚಿನಲ್ಲಿ ಆ ಎರಡು ಪ್ರಶ್ನೆಗಳನ್ನು ತಮ್ಮ ಕೈಯಾರೆ ಬರೆದರು. ಕಟ್ಟಿನಲ್ಲಿ ಇನ್ನೂ ನೂರಕ್ಕೂ ಹೆಚ್ಚು ಹಾಳೆಗಳಿದ್ದವು. ನಾವು ನಾಲ್ವರು ಹಂಚಿಕೊಂಡು ಬರೆಯುತ್ತಿದ್ದೇವೆ.